ಎರಡು ಸಲ ಕಿರಣ ಕಂಡ ಎಲುಬು

ನಾನು ಒಂದು ಎಲುಬು. ಅರವತ್ತೆಂಟು ವರ್ಷ ಹುಬ್ಬಳ್ಳಿಯ ಒಬ್ಬ ಅಜ್ಜಿಯ ತೊಡೆಯ ತುದಿಯಲ್ಲಿ ಚೆಂಡಿನಂತೆ ತಿರುಗಿಕೊಂಡಿದ್ದೆ. ಅಜ್ಜಿಯ ಕಾಲು ಒಂದು ಕಡೆ ನಿಂತದ್ದಲ್ಲ. ಹಾಗಾಗಿ ಸುಮ್ಮನಿರುವುದು ನನಗೆ ಗೊತ್ತೇ ಇರಲಿಲ್ಲ. ಅವಳು ಬಚ್ಚಲಲ್ಲಿ ಜಾರಿ ಬಿದ್ದಾಗ ನನ್ನ ಕತ್ತು ಮುರಿಯಿತು. ಡಾಕ್ಟರು ನನ್ನನ್ನು ತೆಗೆದು ಆ ಜಾಗದಲ್ಲಿ ಲೋಹದ ಗುಂಡು ಕೂರಿಸಿದರು. ನನ್ನನ್ನು ಬೇರೆಯವರಿಗೆ ಕೊಡಲು ಅಜ್ಜಿ ಒಪ್ಪಿ ಹೆಬ್ಬೆಟ್ಟು ಒತ್ತಿದಳು.

ಆಸ್ಪತ್ರೆಯ ಎಲುಬಿನ ಬ್ಯಾಂಕಿಗೆ ಬಂದೆ. ರೋಗವೇನೂ ಇಲ್ಲವೆಂದು ಅಜ್ಜಿಯ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸುವವರೆಗೆ ಆರು ತಿಂಗಳು ಹಿಮಪೆಟ್ಟಿಗೆಯಲ್ಲಿ ಚಡಪಡಿಸಿದೆ. ಆಮೇಲೆ ಬ್ಯಾಂಕ್ ನೋಡಿಕೊಳ್ಳುವ ಶಕೀಲಾ ನನ್ನನ್ನು ತೊಳೆದು, ಒಂದಷ್ಟು ತುಂಡು ಮಾಡಿ, ಒಣಗಿಸಿ, ಚೀಲದಲ್ಲಿಟ್ಟಳು. ಮೊಣಕಾಲ ಕೆಳಗಿನ ಎಲುಬು ಕುಸಿದಿದ್ದ ಕಂಡಕ್ಟರ್ ಸಾವಕ್ಕನಿಗೆ ನಾನು ಎಂದು ಗೊತ್ತಾಯಿತು. ಬಸ್ಸಿನ ಕಾಲು! ಹಿರಿಹಿರಿ ಹಿಗ್ಗಿದೆ.

ಉಳಿದಿದ್ದು ರೋಗಾಣು ಕೊಲ್ಲುವ ಗಾಮಾ ಕಿರಣ ಮಾತ್ರ. ಅದಕ್ಕೆ ಶಕೀಲಾ ನನ್ನನ್ನು ಪೆಟ್ಟಿಗೆಯಲ್ಲಿಟ್ಟು ಊರಾಚೆಯ ಕಿರಣ ಘಟಕಕ್ಕೆ ಒಯ್ದಳು. ಪೆಟ್ಟಿಗೆಯ ಮೇಲೆ ಹಳದಿ ಚುಕ್ಕೆ ಅಂಟಿಸಿದ್ದರು. ಕಿರಣ ತಾಗಿದರೆ ಅದು ಕೆಂಪಾಗುತ್ತದೆ. ದಪ್ಪ ಗೋಡೆಗಳ ಕೋಣೆಯಲ್ಲಿ ಸುತ್ತಿ ಬಂದೆ. ಬಿಸಿಯಿಲ್ಲ, ಸದ್ದಿಲ್ಲ, ಚುಕ್ಕೆ ಕೆಂಪಾಗಿತ್ತು. ಕಿರಣ ತಾಗಿದ ಪೆಟ್ಟಿಗೆಗಳನ್ನೂ ತಾಗದವನ್ನೂ ಬೇರೆ ಮಾಡಲು ನಡುವೆ ಬೇಲಿಯಿತ್ತು. ಶಕೀಲಾ ನನ್ನ ಪೆಟ್ಟಿಗೆಯನ್ನು ಬೇಲಿಯ ಈಚೆ, ಒಳಹೋಗುವ ಕಡೆಯೇ ಇಟ್ಟು ಕಾಗದಕ್ಕೆ ಸಹಿ ಹಾಕಿಸಲು ಹೋದಳು. ಪಾಳಿ ಬದಲಾಗಿತ್ತು. ಹೊಸಬರು ಚುಕ್ಕೆ ನೋಡದೆ ನನ್ನನ್ನು ಮತ್ತೆ ಒಳಗೆ ಕಳಿಸಿದರು. ಅವಳು ಓಡಿ ಬರುವಷ್ಟರಲ್ಲಿ ಎರಡನೇ ಸುತ್ತೂ ಮುಗಿದಿತ್ತು.

ಎರಡು ಸಲ ಹೋದರೂ ಚುಕ್ಕೆ ಅದೇ ಕೆಂಪು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕಿರಣ ಹೆಚ್ಚಾದರೆ ರೋಗಾಣುವಿನ ಜೊತೆ ಎಲುಬಿನ ಬಿಗಿಯೂ ಸಾಯುತ್ತದೆ. ಮರಳುವ ದಾರಿಯುದ್ದಕ್ಕೂ ಶಕೀಲಾ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಉಗುರು ಕಡಿಯುತ್ತಿದ್ದಳು. ಬಾಯಿ ಮುಚ್ಚಿಕೊಂಡಿರು ತಾಯಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಅವಳು ನೇರ ಡಾಕ್ಟರ್ ಹತ್ತಿರ ಹೋದಳು.

“ಸರ್, ಇದು ಎರಡು ಸಲ ಒಳಗ ಹೋಗೇತ್ರಿ. ಇಡಬಾರದ ಕಡೆ ಇಟ್ಟಾಕಿ ನಾನ.”

ನನಗೆ ಅವಳ ಮೇಲೆ ಸಿಟ್ಟು ಉಕ್ಕಿತು. ಡಾಕ್ಟರು ನನ್ನದೇ ಒಂದು ತುಂಡನ್ನು ಯಂತ್ರದಲ್ಲಿಟ್ಟು ಒತ್ತಿಸಿದರು. ಹೊರಬೇಕಾದ ಭಾರದ ಅರ್ಧಕ್ಕೇ ಅದು ಬಿಸ್ಕತ್ತಿನಂತೆ ಪುಡಿಯಾಯಿತು. ಆಗ ನನ್ನ ಸಿಟ್ಟು ಇಳಿದು ಭಯ ಹತ್ತಿತು. ಸಾವಕ್ಕನ ಕಾಲೊಳಗೆ ನಾನು ಹೀಗೇ ಕುಸಿಯುತ್ತಿದ್ದೆ.

ಆಪರೇಷನ್ ಮೂರು ವಾರ ಮುಂದೆ ಹೋಯಿತು. ಅದನ್ನು ಸಾವಕ್ಕನಿಗೆ ಶಕೀಲಾಳೇ ಹೇಳಿ, ಬೈಸಿಕೊಂಡಳು. ಸಾವಕ್ಕನಿಗೆ ಬೇರೆ ಎಲುಬು ಸಿಕ್ಕಿತು. ನನಗೆ ಕಾಲು ತಪ್ಪಿತು.

ಭಾರ ಹೊರದಿದ್ದರೂ ಪೊಳ್ಳು ತುಂಬಬಹುದು ಎಂದರು ಡಾಕ್ಟರು. ಶೇಂಗಾ ಮಾರುವ ಫಕೀರವ್ವನ ದವಡೆಯಲ್ಲಿ ಗಡ್ಡೆ ತೆಗೆದು ಗುಳಿ ಬಿದ್ದಿತ್ತು. ನಡೆದದ್ದೆಲ್ಲ ಕೇಳಿ ಅವಳು ಒಪ್ಪಿದಳು. ನನ್ನನ್ನು ಕಾಳಿನಷ್ಟು ಸಣ್ಣಗೆ ಮಾಡಿ ಅಲ್ಲಿ ತುಂಬಿದರು. ಫಕೀರವ್ವ ಗಾಯ ಮಾಗುವವರೆಗೆ ಗಂಜಿ ಕುಡಿದಳು, ಆಮೇಲೆ ಕೂಗಿದಳು, ಜಗಳಾಡಿದಳು, ಮಾಲು ರುಚಿ ನೋಡಿದಳು. ಕಾಲಿನಲ್ಲಿದ್ದರೂ ಇಷ್ಟು ಓಡಾಟ ಇರುತ್ತಿರಲಿಲ್ಲ. ಅವಳ ಜೀವಕಣಗಳು ನನ್ನನ್ನು ದಿನಾ ಚೂರುಚೂರೇ ತಿಂದು, ಆ ಜಾಗದಲ್ಲಿ ಹೊಸ ಎಲುಬು ಕಟ್ಟತೊಡಗಿದವು. ಮೊದಮೊದಲು ಹೆದರಿದೆ. ಕರಗಿಹೋಗುವುದು ಯಾರಿಗೆ ಇಷ್ಟ?

ಇತ್ತ ಶಕೀಲಾಳಿಗೆ ನೆಮ್ಮದಿಯಿಲ್ಲ. ಎರಡು ಸಲ ಕಿರಣ ಕಂಡ ಎಲುಬು ಕೂಡಿಕೊಳ್ಳದೇ ಹೋದರೆ ಎಂದು ಫಕೀರವ್ವ ತಪಾಸಣೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಲ್ಲುತ್ತಿದ್ದಳು. ವರ್ಷ ತುಂಬಿದಾಗ ತೆಗೆದ ಎಕ್ಸ್‌ರೇಯನ್ನು ಡಾಕ್ಟರು ಅವಳ ಕೈಗೇ ಕೊಟ್ಟರು. ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ಹುಡುಕಿದಳು.

“ನಾವು ತುಂಬಿದ್ದು ಎಲ್ಲೈತ್ರಿ ಸರ್? ಕಾಣವಲ್ದು.”

“ಎಲ್ಲಾ ಈಗ ಆಕೀದ ಎಲುಬ ಆಗೇತಿ ಶಕೀಲಾ.”

ಅವಳು ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟಳು. ಮೂಲೆಯಲ್ಲಿ ಒಂದು ಚೂರು ನಾನಿನ್ನೂ ಇದ್ದೆ. ಕಾಣದೇ ಹೋದದ್ದಕ್ಕೆ ನನಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.