ಕೊನೆ ಸಾಲಿಗೂ ಕೇಳುವ ಉಸಿರು

ತಮ್ಮ ಹೊಸದೊಂದು ಸಂಗೀತ ಕೃತಿ ರಚಿಸಿದ್ದ. ಆರು ಕಂಠಗಳಿಗೆ. ವಾದ್ಯವಿಲ್ಲ, ಸಾಹಿತ್ಯವಂತೂ ಇಲ್ಲವೇ ಇಲ್ಲ. ಒಂದು 'ಆ' ಇತ್ತು, ಶುರುವಿನಿಂದ ಕೊನೆಯವರೆಗೂ ಅದೇ. ಇಷ್ಟು ಬರೆಯಲು ಅವನಿಗೆ ಎರಡು ವರ್ಷ ಹಿಡಿದಿತ್ತು. ಅಷ್ಟೂ ದಿನ ಮನೆಮಂದಿ ತುದಿಗಾಲಲ್ಲಿ ಓಡಾಡಿದ್ದರು.

ಅದರ ಕಸುಬುಗಾರಿಕೆಯೆಲ್ಲ ಉಸಿರಿನಲ್ಲಿತ್ತು. ಒಬ್ಬರು ಉಸಿರೆಳೆದುಕೊಳ್ಳುವಾಗ ಉಳಿದವರು ಸ್ವರ ಹಿಡಿದಿರಬೇಕು, ಕೇಳುವವರಿಗೆ ಎಲ್ಲೂ ಕಡಿದಂತೆ ಅನಿಸಬಾರದು. ಆರು ಜನರಲ್ಲಿ ಒಬ್ಬರು ದಂತವೈದ್ಯರು, ಒಬ್ಬಳು ತಮ್ಮನ ಹೆಂಡತಿ. ಎಲ್ಲರಿಗಿಂತ ಹಿರಿಯಳು ಅಕ್ಕ, ಹೊಲಿಗೆಯವಳು. ಅವಳು ಉಸಿರೆಳೆದಾಗಲೆಲ್ಲ ತಮ್ಮನ ಹುಬ್ಬು ಗಂಟಾಗುತ್ತಿತ್ತು.

"ಅಕ್ಕಾ, ನಿನ್ನ ಉಸಿರು ಕೊನೆ ಸಾಲಿಗೂ ಕೇಳ್ಸತ್ತೆ. ಕಾರ್ಯಕ್ರಮದಲ್ಲೇನಾದ್ರೂ ಸ್ವರ ಕಡಿದ್ರೆ ಮುಂದೆ ಬೇರೆಯವರನ್ನ ನೋಡ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡ."

ಅವನಿಗೆ ಸ್ವರ ಹಿಡಿಯಲು ಕಲಿಸಿದವಳಿಗೇ ಈ ಮಾತು! ಅಕ್ಕನಿಗೆ ಬೇಜಾರಾಗಲಿಲ್ಲ, ಹೊಟ್ಟೆ ಉರಿದುಹೋಯಿತು. ದಿನವಿಡೀ ಮಷಿನ್ ತುಳಿದು, ಸಂಜೆ ಲಾಂಡ್ರಿ ಮೇಲಿನ ಅಭ್ಯಾಸದ ಕೋಣೆಗೆ ಬಂದು ಹಾಡುವುದು ಬಿಟ್ಟರೆ ಅವಳಿಗೆ ಬೇರೆ ಸುಖವಿರಲಿಲ್ಲ.

ಕಾರ್ಯಕ್ರಮದ ದಿನ ಉಳಿದ ಐವರಿಗೂ ಅವಳ ಮೇಲೆ ಕರುಣೆ ಉಕ್ಕಿತು. ಪಾಪ, ಸ್ವರವನ್ನು ಉದ್ದಕ್ಕೆ ಎಳೆಯುವ ಜಾಗದಲ್ಲಿ ಅಕ್ಕ ಕೈಕೊಡುತ್ತಾಳೆ, ಆಗ ಸ್ವರ ಹಿಡಿದಿರಲು ನಾನು ಮೊದಲೇ ಉಸಿರು ತುಂಬಿಕೊಂಡುಬಿಡುತ್ತೇನೆ ಎಂದು ಒಬ್ಬೊಬ್ಬರೂ ಮನಸ್ಸಿನಲ್ಲೇ ನಿಶ್ಚಯಿಸಿದರು. ಯಾರೂ ಯಾರಿಗೂ ಹೇಳಲಿಲ್ಲ. ಉಪಕಾರವನ್ನು ಹೇಳಿಕೊಂಡು ಮಾಡುತ್ತಾರೆಯೇ? ಹೀಗಾಗಿ ಐದೂ ಕಂಠಗಳು ಒಟ್ಟಿಗೇ ನಿಂತವು. ನಿಂತ ಗಾಬರಿಗೆ ಮತ್ತೆ ಸೇರಿಕೊಳ್ಳುವುದೂ ಮರೆತುಹೋಯಿತು.

ಅಕ್ಕನ ಸ್ವರವೊಂದೇ ಉಳಿಯಿತು. ಎದೆ ಬಿರಿಯುವಂತಾಯಿತು, ಕಣ್ಣಿಗೆ ಕತ್ತಲೆ ಬಂತು. ಬಿಟ್ಟರೆ ಲಾಂಡ್ರಿ ಮೇಲಿನ ಕೋಣೆಯೂ ಹೋಯಿತು, ಸಂಜೆಗಳೂ ಹೋದವು. ಅವಳು ಬಿಡಲಿಲ್ಲ. ಕೊನೆಗೆ ದಂತವೈದ್ಯರು ಎಚ್ಚೆತ್ತು ಗಡಸು ಸ್ವರ ಸೇರಿಸಿದರು, ಮಿಕ್ಕವರೂ ಹಿಂದೆಯೇ ಬಂದರು.

ಚಪ್ಪಾಳೆಯೋ ಚಪ್ಪಾಳೆ. "ಆ ಒಂಟಿ ಸ್ವರ ಬಂತಲ್ಲ, ಅದ್ಭುತ!" ಎಂದು ದೊಡ್ಡವರೊಬ್ಬರು ತಮ್ಮನ ಕೈ ಕುಲುಕಿದರು.

"ಅದನ್ನ ಕೂರಿಸೋಕೇ ಎರಡು ವರ್ಷ ಹಿಡೀತು ಸಾರ್," ಎಂದ ತಮ್ಮ, ವಿನಯದಿಂದ ತಲೆ ತಗ್ಗಿಸಿ.

ಆಮೇಲೆ ವೇದಿಕೆಯ ಹಿಂದೆ ಅಕ್ಕನ ಹತ್ತಿರ ಬಂದ. "ಆ ಒಂಟಿ ಸ್ವರ ಇನ್ಮೇಲೆ ಇದ್ದೇ ಇರತ್ತೆ. ಆದ್ರೆ ಅದಕ್ಕೆ ಎಳೇ ಕಂಠ ಇದ್ರೆ ಚೆನ್ನ ಅಲ್ವಾ? ನನ್ನ ಹೆಂಡ್ತಿ ಹಾಡ್ಲಿ. ನಿನ್ನ ಜಾಗಕ್ಕೇನೂ ಮೋಸ ಇಲ್ಲ, ಅವಳ ಪಕ್ಕದಲ್ಲೇ ನಿಂತಿರು."

ಅಕ್ಕ ಮೂಲೆಯಲ್ಲಿದ್ದ ಚಪ್ಪಲಿಗೆ ಕಾಲು ತೂರಿಸಿದಳು.

"ಧಾರಾಳವಾಗಿ ಹಾಡ್ಲಿ ಕಣೋ. ಅವಳು ಒಬ್ಬಳೇ ಹಾಡ್ತಿರುವಾಗ ನಾನು ಪಕ್ಕದಲ್ಲಿ ನಿಂತು ನೆಮ್ಮದಿಯಾಗಿ ಉಸಿರಾಡ್ತೀನಿ. ಕೊನೆ ಸಾಲಿಗೂ ಕೇಳೋ ಹಾಗೆ."