ಮಸ್ಕಿ ಫೈನಲ್ಲಿನ ಬಾವುಟ

ಇಶ್ತಿಯಾಕ್ ಸಿಂಧನೂರಿನ ಫುಟ್‌ಬಾಲ್ ತಂಡಕ್ಕೆ ಇಪ್ಪತ್ತು ವರ್ಷ ಗೋಲಿನ ಮುಂದೆ ತಡೆಯುವ ಬ್ಯಾಕ್ ಆಗಿ ಆಡಿದ. ಮೊಣಕಾಲು ಕೈಕೊಟ್ಟ ಮೇಲೆ ಒಂಬತ್ತು ವರ್ಷದಿಂದ ಅದೇ ತಂಡದ ಮ್ಯಾನೇಜರ್. ಮ್ಯಾನೇಜರ್ ಅಂದರೆ ಅದೇನೋ ದೊಡ್ಡ ಕುರ್ಚಿ ಅಂದುಕೊಂಡೀರಿ! ಜರ್ಸಿ ಒಗೆಸುವವನು ಅವನೇ, ನಿಂಬೆಹಣ್ಣು ಕೊಯ್ದು ಕೊಡುವವನು ಅವನೇ, ಭತ್ತದ ಕಟಾವು ಶುರುವಾದರೆ ಗದ್ದೆಗದ್ದೆ ತಿರುಗಿ ಹನ್ನೊಂದು ಮಂದಿಯನ್ನು ಕೂಡಿಸುವವನೂ ಅವನೇ. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಹಾಕುವ ಅವನ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಗಿರಾಕಿಗಳು ಬರುವುದನ್ನೇ ಬಿಡುತ್ತಿದ್ದರು. ಇಷ್ಟು ಸತ್ತರೂ ಒಂದು ಕಪ್ ಬಂದಿರಲಿಲ್ಲ.

"ಮಸ್ಕಿ ಕಪ್ ತಂದ್ರ ನೀ ಮ್ಯಾನೇಜರು. ಇಲ್ಲಂದ್ರ ಬ್ಯಾರೇದವ್ರನ್ನ ನೋಡ್ತೀನಿ," ಎಂದು ತಂಡದ ಅಧ್ಯಕ್ಷ, ಬೀಜದಂಗಡಿಯ ದೊಡ್ಡಬಸಪ್ಪ ಮುಖಕ್ಕೆ ಹೊಡೆದಂತೆ ಹೇಳಿದ್ದ. "ತೆಗೀಲಿ ಬಿಡ್ರಿ, ಪೀಡಾ ಹೋತು," ಅಂದಿದ್ದಳು ಹೆಂಡತಿ ನಸ್ರೀನ್. ಇಶ್ತಿಯಾಕನಿಗೂ ಸಾಕುಸಾಕಾಗಿತ್ತು. ಆದರೆ ಆ ಕೆಲಸವೂ ಹೋದರೆ ಭಾನುವಾರ ಎದ್ದು ಎಲ್ಲಿಗೆ ಹೋಗಬೇಕು ಎಂಬುದು ಮಾತ್ರ ಅವನಿಗೆ ತಿಳಿಯುತ್ತಿರಲಿಲ್ಲ.

ಮಸ್ಕಿಯ ಫೈನಲ್ಲಿನಲ್ಲಿ ಎದುರಿಗೆ ಲಿಂಗಸುಗೂರು. ಇಂಥ ಪಂದ್ಯಗಳಲ್ಲಿ ರೆಫ್ರಿ ಒಬ್ಬನೇ ಹೊರಗಿನವನು. ಗೆರೆಯಂಚಿನಲ್ಲಿ ಬಾವುಟ ಹಿಡಿಯಲು ಒಂದೊಂದು ತಂಡ ಒಬ್ಬೊಬ್ಬನನ್ನು ಕೊಡಬೇಕು. ಸಿಂಧನೂರಿನ ಬಾವುಟ ಇಶ್ತಿಯಾಕನ ಕೈಯಲ್ಲಿತ್ತು. ವಿರಾಮದ ನಂತರ ತಂಡಗಳು ಬದಿ ಬದಲಿಸಿದವು. ಅವನದೇ ಹುಡುಗರು ಈಗ ಅವನು ಕಾಯುವ ಕಡೆಯ ಗೋಲಿಗೆ ನುಗ್ಗತೊಡಗಿದರು.

ಕೊನೆಯ ನಿಮಿಷದವರೆಗೂ ಯಾರಿಗೂ ಗೋಲಿಲ್ಲ. ಆಗ ಚೆಂಡು ಲಿಂಗಸುಗೂರಿನ ಬ್ಯಾಕುಗಳ ತಲೆ ದಾಟಿ ಬಿತ್ತು. ಗೊರೇಬಾಳದಲ್ಲಿ ಭತ್ತ ಕೊಯ್ಯುವ ಮಷಿನ್ ಓಡಿಸುವ ಕ್ಯಾಪ್ಟನ್ ಸಂಗನಬಸವ ಓಡಿಬಂದು ಅದನ್ನು ಬಲೆಗೆ ಒದ್ದ. ಅಷ್ಟರಲ್ಲಿ ಇಶ್ತಿಯಾಕನ ಕೈ ಮೇಲೆದ್ದಿತ್ತು.

ಬ್ಯಾಕ್ ಆಡಿದವರ ಚಟ ಅದು. ಎದುರಾಳಿ ಬೆನ್ನ ಹಿಂದೆ ನುಗ್ಗಿದನೆಂದರೆ, ಅವನು ಚೆಂಡು ಒದೆಯುವ ಮೊದಲೇ ನುಗ್ಗಿದ್ದನೋ ಇಲ್ಲವೋ ನೋಡುವ ಮುಂಚೆ ಕೈ ಎತ್ತಿ "ಆಫ್‌ಸೈಡ್!" ಎಂದು ಒದರುವುದು; ರೆಫ್ರಿ ಒಪ್ಪಿದರೆ ಲಾಭ, ಒಪ್ಪದಿದ್ದರೆ ನಷ್ಟವೇನಿಲ್ಲ. ಆದರೆ ಇವತ್ತು ಎದ್ದ ಕೈಯಲ್ಲಿ ಬಾವುಟವಿತ್ತು! ಸಂಗನಬಸವ ಎಲ್ಲಿದ್ದನೋ, ಖುದಾನ ಆಣೆಗೂ ಅವನು ನೋಡಿರಲಿಲ್ಲ. ರೆಫ್ರಿ ಸೀಟಿ ಊದಿ ಗೋಲು ರದ್ದು ಮಾಡಿದ.

ಪೆನಾಲ್ಟಿ ಒದೆತದಲ್ಲಿ ಲಿಂಗಸುಗೂರು ಗೆದ್ದಿತು. "ಏನ್ ಮಾಡಿದ್ರಿ ಕಾಕಾ! ನಮ್ ಕಪ್ ನೀವ ಕಿತ್ತು ಅವ್ರಿಗೆ ಕೊಟ್ಟಂಗಾತಲ್ಲ!" ಎಂದು ಗೋಲ್‌ಕೀಪರ್ ವೆಂಕೋಬ ಮೈಮೇಲೆ ಬಂದ. "ಬಾಯಿ ಮುಚ್ಚಲೇ," ಎಂದ ಸಂಗನಬಸವ. "ಕಾಕಾ ಎತ್ಯಾರ ಅಂದ್ರ ಆಫ್‌ಸೈಡ. ಮುಗೀತು."

ಆಮೇಲೆ ನಡೆದದ್ದು ಕೇಳಿ. ತನ್ನ ತಂಡದ ಗೋಲನ್ನೇ ಬಿಟ್ಟುಕೊಟ್ಟ ಇಮಾನ್‌ದಾರ ಮನುಷ್ಯ ಎಂದು ಮೈಕಿನಲ್ಲಿ ಹೊಗಳಿ, ಇಶ್ತಿಯಾಕನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಮಸ್ಕಿಯ ವ್ಯಾಪಾರಿಗಳೆಲ್ಲ ಬಂದು ದೊಡ್ಡಬಸಪ್ಪನ ಕೈ ಕುಲುಕಿದರು. ಅವನು ಉಬ್ಬಿಹೋದ. ಊರಿಗೆ ಮರಳುವ ಟೆಂಪೋದ ಮುಂದಿನ ಸೀಟಿನಿಂದಲೇ ಕೂಗಿ ಹೇಳಿದ: "ಕಪ್ ಹೋದ್ರ ಹೋಗ್ಲಿ, ಊರಿನ ಮಾನ ಉಳಿಸಿದಿ. ಮುಂದಿನ ವರ್ಷಾನೂ ನೀನ ಮ್ಯಾನೇಜರು!"

ಇಶ್ತಿಯಾಕ್ ಸುಮ್ಮನಿದ್ದರೆ ಸಾಕಿತ್ತು, ಎಲ್ಲ ಉಳಿಯುತ್ತಿತ್ತು. ಗೊರೇಬಾಳ ಬರುವವರೆಗೂ ಸುಮ್ಮನೇ ಇದ್ದ. ಸಂಗನಬಸವ ಇಳಿದವನು ಕಿಟಕಿಯ ಹತ್ತಿರ ಬಂದು, "ಒಂದ್ ಹೆಜ್ಜಿ ತಡದಿದ್ರ ಆಗ್ತಿತ್ತು. ತಪ್ಪು ನಂದ ಕಾಕಾ," ಅಂದ. ಪಾಪ, ಅವನ ಕಣ್ಣು ಕೆಂಪಾಗಿದ್ದವು.

"ನಿಂದಲ್ಲಲೇ," ಎಂದ ಇಶ್ತಿಯಾಕ್. "ನೀ ಎಲ್ಲಿದ್ದಿ ಅಂತ ನಾ ನೋಡೇ ಇಲ್ಲ. ಚೆಂಡು ಹಿಂದ ಬಿತ್ತು, ಕೈ ತಾನ ಎದ್ದುಬಿಡ್ತು. ಹಳೇ ಚಟ. ಇಮಾನ್‌ದಾರಿ ಗಿಮಾನ್‌ದಾರಿ ಏನೂ ಇಲ್ಲ."

ದೊಡ್ಡಬಸಪ್ಪ ಹಿಂದಕ್ಕೆ ತಿರುಗಿ ನೋಡಿದ. "ಮತ್ತ ಶಾಲು ಹೊದಿಸ್ಕೊಂಡಿ?"

"ಬ್ಯಾಡ ಅನ್ನಾಕ ಬಾಯಿ ಬರಲಿಲ್ರಿ ಸಾವ್ಕಾರ್ರ."

"ನಾಳೆ ಅಂಗಡಿಗೆ ಬಂದು ಟೀಮಿನ ಸಾಮಾನಿನ ಖೋಲಿ ಕೀಲಿ ಕೊಟ್ಟು ಹೋಗು."

ಇಶ್ತಿಯಾಕ್ ನಾಳೆಯವರೆಗೆ ಕಾಯಲಿಲ್ಲ, ಜೇಬಿನಿಂದ ತೆಗೆದು ಅಲ್ಲೇ ಕೊಟ್ಟ. ನಾಚಿಕೆಯಾಯಿತು, ನಿಜ. ಅದರ ಜೊತೆಗೆ ಮೈಯೆಲ್ಲ ಹಗುರಾಯಿತು.

ಸಂಗನಬಸವ ಇನ್ನೂ ರಸ್ತೆಯಲ್ಲೇ ನಿಂತಿದ್ದ. "ಹಂಗಾರ ಅದು ಗೋಲು ಹೌದೋ ಅಲ್ಲೋ? ಊರಾಗ ನಾ ಏನ್ ಹೇಳ್ಲಿ ಕಾಕಾ?"

"ಗೋಲು ಹೊಡದೆ ಅಂತ ಹೇಳು. ಇಶ್ತಿಯಾಕ್ ಕೆಡಿಸಿದ ಅಂತ ಹೇಳು."

"ಹೊಡದೆ ಅಂತ ಹೇಳ್ತೀನಿ," ಅಂದ ಸಂಗನಬಸವ. "ನೀವು ಕೆಡಿಸಿದ್ರಿ ಅನ್ನೋದು ನನ್ ಬಾಯಾಗ ಬರೂದಿಲ್ಲ."

ಟೆಂಪೋ ಹೊರಟಿತು. ಇಶ್ತಿಯಾಕ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತ. ಇಪ್ಪತ್ತೊಂಬತ್ತು ವರ್ಷದಲ್ಲಿ ಆಟದ ಸಲುವಾಗಿ ಅವನು ಅತ್ತದ್ದು ಅದೇ ಮೊದಲು.