ಕ್ಯೂನಲ್ಲಿ ಕನ್ನಡಕದವರು

“ಅತ್ತೆ, ಆ ಟೋಪಿಯವರು ಮತ್ತೆ ನಮ್ಮನ್ನೇ ನೋಡ್ತಿದಾರೆ,” ಎಂದಳು ಸೊಸೆ. “ಇದು ಮೂರನೇ ಸಲ. ಈ ಸಲ ನಕ್ಕರು ಬೇರೆ.”

“ಬಿಸಿಲಿಗೆ ಕಣ್ಣು ಕಿರಿದು ಮಾಡಿರ್ತಾರೆ. ನಿನಗೆ ನಕ್ಕ ಹಾಗೆ ಕಂಡಿರುತ್ತೆ,” ಎಂದರು ಅಂಚೆಯಮ್ಮ.

ಹೇಳಿ ಮುಗಿಸಿದ ಮೇಲೆ ತಮ್ಮ ಬಾಯಿಗೆ ತಾವೇ ಒಂದು ಬಿಗಿಯಬೇಕು ಅನ್ನಿಸಿತು. ‘ಓ, ಅವರಾ? ನನಗೆ ಗೊತ್ತಿರೋರು ಕಣೇ’ ಅಂದುಬಿಟ್ಟಿದ್ದರೆ ಅರ್ಧ ಕೆಲಸ ಮುಗಿದೇ ಹೋಗುತ್ತಿತ್ತು. ಅಂಥ ಸಲೀಸಾದ ಗಳಿಗೆ ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು. ಅದನ್ನು ಬಿಸಿಲಿನ ಮೇಲೆ ಹಾಕಿ ಕಳಿಸಿಬಿಟ್ಟರು.

ಅಂಚೆ ಕಚೇರಿಯಲ್ಲಿ ಮೂವತ್ತಮೂರು ವರ್ಷ ಕಾಗದ ವಿಂಗಡಿಸಿದವರು ಅವರು. ಬೀದಿಯವರಿಗೆಲ್ಲ ಅಂಚೆಯಮ್ಮ. ಟೋಪಿಯವರದ್ದು ಆ ಕಚೇರಿಯ ಎದುರಿಗೇ ಕನ್ನಡಕದ ಅಂಗಡಿ. ಅರವತ್ತಮೂರು ವಯಸ್ಸು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಎರಡು ವರ್ಷದ ಹಿಂದೆ ಅಂಚೆಯಮ್ಮ ಅವರಲ್ಲಿ ಒಂದು ಕನ್ನಡಕ ಮಾಡಿಸಿದ್ದರು. ಅದರ ಕಡ್ಡಿ ಕಿವಿಯ ಹಿಂದೆ ಒತ್ತುತ್ತಿತ್ತು. ಸರಿಮಾಡಿಸಲು ಒಂದು ಸಲ ಹೋದರು, ಎರಡು ಸಲ ಹೋದರು. ಐದನೇ ಸಲ ಹೋದಾಗ ಕಡ್ಡಿ ಸರಿಯಾಗಿಯೇ ಇತ್ತು, ಅದು ಇಬ್ಬರಿಗೂ ಗೊತ್ತಿತ್ತು. ಆದರೂ ಅವರು ಅದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, ಈ ಕಡೆ ತಿರುಗಿ, ಆ ಕಡೆ ತಿರುಗಿ ಅಂತ ಅರ್ಧ ಗಂಟೆ ಕಳೆದಿದ್ದರು. ಮದುವೆಯಾಗುವುದು ಅಂತ ತೀರ್ಮಾನವಾಗಿ ಈಗ ಎಂಟು ತಿಂಗಳು. ಮಗನಿಗೆ ಹೇಳುವುದೊಂದು ಬಾಕಿ.

ಮಗ ಕಟ್ಟಡಗಳ ಬೆಂಕಿ ಸುರಕ್ಷತೆ ತಪಾಸಣೆ ಮಾಡುವವನು. ಯಾವ ಜಾಗಕ್ಕೆ ಕಾಲಿಟ್ಟರೂ ಹೊರಗೆ ಹೋಗುವ ಬಾಗಿಲು ಎಲ್ಲಿದೆ ಅಂತ ಮೊದಲು ನೋಡುತ್ತಾನೆ. ತನ್ನ ಮದುವೆಯ ದಿನವೇ ಛತ್ರದ ಬಾಗಿಲುಗಳನ್ನು ಎಣಿಸುತ್ತ ಕೂತಿದ್ದ. ಗಂಡು ಓಡಿಹೋಗಲು ದಾರಿ ಹುಡುಕುತ್ತಿದ್ದಾನೆ ಅಂತ ಹೆಣ್ಣಿನ ಕಡೆಯವರಿಗೆ ಎದೆ ಧಸಕ್ಕೆಂದಿತ್ತು. ಒಳ್ಳೆಯ ಮಗ. ತೊಂದರೆಯೇ ಅದು. ಕೆಟ್ಟವನಾಗಿದ್ದರೆ ಎಂದೋ ಹೇಳಿಬಿಡಬಹುದಿತ್ತು. ‘ಅಪ್ಪ ಹೋಗಿ ಹನ್ನೊಂದು ವರ್ಷ ಒಬ್ಬಳೇ ಇದ್ದೆ, ಇನ್ನು ಸಾಕು’ ಅಂತ ತನ್ನ ಮನೆಯಲ್ಲೊಂದು ಕೋಣೆಗೆ ಬಣ್ಣ ಹೊಡೆಸಿದ್ದ, ಮಂಚ ತಂದಿದ್ದ, ಕಿಟಕಿಗೆ ಪರದೆ ಕೂಡ ಹಾಕಿಸಿದ್ದ. ಅಂಚೆಯಮ್ಮನ ಬಾಡಿಗೆ ಮನೆ ಬಿಡುತ್ತೇವೆ ಅಂತ ನಾಳೆ ಬೆಳಿಗ್ಗೆ ಮಾಲೀಕರಿಗೆ ಹೇಳಿಬರುವವನಿದ್ದ. ಅಂದರೆ ಇವತ್ತು ಬಾಯಿ ಬಿಡದಿದ್ದರೆ ಕಥೆ ಮುಗಿಯಿತು.

ಈ ಉಪಾಯ ಕನ್ನಡಕದವರದ್ದೇ. “ನಿಮ್ಮನೇಲಿ ಹೇಳಿದ್ರೂ ಅವನು ಎದ್ದು ಹೋಗ್ತಾನೆ, ಅವನ ಮನೇಲಿ ಹೇಳಿದ್ರೂ ಎದ್ದು ಹೋಗ್ತಾನೆ,” ಎಂದಿದ್ದರು. “ಮೊಮ್ಮಗಳನ್ನ ಆಟದ ಪಾರ್ಕಿಗೆ ಕರ್ಕೊಂಡು ಹೋಗ್ತೀವಿ ಅಂದ್ರಲ್ಲ, ಅಲ್ಲಿ ಕ್ಯೂನಲ್ಲಿ ಹೇಳಿ. ನಾನೂ ಬರ್ತೀನಿ, ಪರಿಚಯ ಮಾಡ್ಸಿ. ಕ್ಯೂ ಬಿಟ್ಟು ಎಲ್ಲಿಗೆ ಹೋಗ್ತಾನೆ?”

ಮಗನಿಗೆ ಒಡ್ಡಿದ ಬೋನಿನಲ್ಲಿ ಈಗ ಅಮ್ಮನೇ ನಿಂತಿದ್ದರು. ಸೊಂಟದೆತ್ತರದ ಕಬ್ಬಿಣದ ಸರಳುಗಳ ನಡುವೆ ಸಾಲು ಆ ಗೋಡೆಯವರೆಗೆ ಹೋಗಿ, ತಿರುಗಿ, ಈ ಗೋಡೆಯವರೆಗೆ ಬಂದು, ಮತ್ತೆ ತಿರುಗುತ್ತಿತ್ತು. ನೀರಿನ ದೋಣಿ ಹತ್ತಲು ಇನ್ನೂ ಐವತ್ತು ನಿಮಿಷ ಅಂತ ಫಲಕ ಹೇಳುತ್ತಿತ್ತು. ಅರ್ಧ ಗಂಟೆಯ ಹಿಂದೆಯೂ ಅದು ಐವತ್ತೇ ಹೇಳಿತ್ತು. ಅದರ ಕೆಳಗೆ ನಿಯಮಗಳು. ಸಾಲು ಬಿಟ್ಟವರು ಮತ್ತೆ ಕೊನೆಗೆ ನಿಲ್ಲಬೇಕು. ಜೊತೆಯಲ್ಲಿ ಬಂದವರು ಜೊತೆಯಲ್ಲೇ ನಿಲ್ಲಬೇಕು. ನುಸುಳಿದವರ ಟಿಕೆಟ್ಟಿನ ಕೈಪಟ್ಟಿ ಕತ್ತರಿಸಿ ಹೊರಗೆ ಕಳಿಸಲಾಗುವುದು. ಮಗ ಇದನ್ನೆಲ್ಲ ಗಟ್ಟಿಯಾಗಿ ಓದಿ, ಆರು ವರ್ಷದ ಮಗಳಿಗೆ ಬಿಡಿಸಿ ಹೇಳಿ, “ನೋಡು, ಹೀಗಿರಬೇಕು ಶಿಸ್ತು” ಎಂದಿದ್ದ. ಮಗಳ ಅಡ್ಡಹೆಸರು ಪಿಟೀಲು. ಒಂದು ಸಲ ರಾಗ ಎಳೆಯಲು ಶುರುಮಾಡಿದರೆ ನಿಲ್ಲಿಸುವವರಿಲ್ಲ.

ಕನ್ನಡಕದವರು ಇವರಿಗಿಂತ ಹದಿನೈದು ಜನರ ಹಿಂದೆ ಇದ್ದರು. ಹಾಗಾಗಿ ತಿರುವು ತಿರುವಿಗೂ ಇವರು ಈ ಕಡೆಯಿಂದ, ಅವರು ಆ ಕಡೆಯಿಂದ, ನಡುವೆ ಒಂದು ಸರಳು ಬಿಟ್ಟು ಎದುರುಬದುರಾಗುತ್ತಿದ್ದರು. ಮೊದಲ ಸಲ ಅಂಚೆಯಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಎರಡನೇ ಸಲ ಕನ್ನಡಕದವರೇ ಧೈರ್ಯ ಮಾಡಿ, “ಬಿಸಿಲು ಜೋರು, ಅಲ್ವಾ?” ಎಂದರು. ಮಗ “ಹೌದು ಸಾರ್” ಎಂದ. ಅಂಚೆಯಮ್ಮ ಚೀಲದೊಳಗೆ ಕೈ ಹಾಕಿ, ಇಲ್ಲದ ಕರವಸ್ತ್ರ ಹುಡುಕಿದರು. ಮೂರನೆಯದು ಈಗಷ್ಟೇ ಆಗಿ ಹೋಯಿತು.

ಸಾಲು ಹತ್ತು ಹೆಜ್ಜೆ ಮುಂದೆ ಹೋಗಿ ನಿಂತಿತು. ಮತ್ತೆ ಹತ್ತು ಹೆಜ್ಜೆ. ತಿರುವಿನಲ್ಲಿ ಟೋಪಿ ಕಂಡಿತು.

ಈ ಸಲ ಬಿಡುವುದಿಲ್ಲ ಎಂದು ಅಂಚೆಯಮ್ಮ ಸೆರಗು ಬಿಗಿದರು. ಕನ್ನಡಕದವರು ಒಂದು ಮಾರು ದೂರದಲ್ಲಿರುವಾಗ ಮಗನ ತೋಳು ಮುಟ್ಟಿ, “ನೋಡೋ, ಇವರು...” ಎಂದು ಶುರುಮಾಡಿದರು. ಒಣಗಿದ ಗಂಟಲಲ್ಲಿ ಮಾತು ಅಡ್ಡ ಸಿಕ್ಕಿತು. ಕೆಮ್ಮು ಹತ್ತಿತು. ಒಂದು ಕೆಮ್ಮು ಇನ್ನೊಂದನ್ನು ಎಳೆದು ತಂದು, ಕಣ್ಣಲ್ಲಿ ನೀರು ಬಂದು, ಮೈ ಬಗ್ಗಿಹೋಯಿತು.

“ನೀರು ಕೊಡು, ನೀರು!” ಎಂದ ಮಗ.

“ಎಲ್ಲಿದೆ ನೀರು? ನಿಮ್ಮ ಮಗಳು ತಳ ಕಾಣಿಸಿ ಆಗಲೇ ಒಂದು ಗಂಟೆ ಆಯ್ತು,” ಎಂದಳು ಸೊಸೆ, ಅತ್ತೆಯ ಬೆನ್ನು ತಟ್ಟುತ್ತ.

“ನಾನು ಪೂರ್ತಿ ಕುಡೀಲಿಲ್ಲಾ...” ಎಂದು ಪಿಟೀಲು ಶ್ರುತಿ ಹಿಡಿಯಿತು.

“ಹೋಗಿ ತರೋಣ ಅಂದ್ರೆ ಮತ್ತೆ ಕೊನೇಗೆ ನಿಲ್ಲಬೇಕು. ಅಮ್ಮ, ಸ್ವಲ್ಪ ತಡ್ಕೋ. ಉಗುಳು ನುಂಗು.”

ಉಗುಳಿದ್ದರಲ್ಲವೇ ನುಂಗುವುದು. ಸರಳು ಹಿಡಿದು ನಿಂತು ಅಂಚೆಯಮ್ಮ ತಲೆ ಎತ್ತಿದಾಗ ಟೋಪಿ ಕಾಣಲಿಲ್ಲ. ಸಾಲಿನಲ್ಲಿ ಆ ಜಾಗ ಆಗಲೇ ಮುಚ್ಚಿಕೊಂಡಿತ್ತು. ಬೇಸತ್ತು ಹೊರಟೇ ಹೋದರೇನೋ ಅನ್ನಿಸಿ, ಕೆಮ್ಮಿಗಿಂತ ದೊಡ್ಡದೇನೋ ಎದೆಗೆ ಬಂದು ಕೂತಿತು.

ಹತ್ತು ನಿಮಿಷದ ಮೇಲೆ ಹಿಂದಿನಿಂದ ಗದ್ದಲ ಕೇಳಿಸಿತು.

“ಏಯ್, ಏಯ್! ಎಲ್ಲಿಗೆ ಹೋಗ್ತಿದೀರಾ?”

“ವಯಸ್ಸಿಗೆ ತಕ್ಕ ಹಾಗೆ ಇರಬಾರದಾ?”

“ನೀರಿನ ಬಾಟ್ಲಿ ಹಿಡ್ಕೊಂಡು ನುಗ್ಗೋದು, ಇದೊಂದು ಹೊಸಾ ಉಪಾಯ!”

ಕನ್ನಡಕದವರು ಒಂದೊಂದೇ ಸರಳಿನ ಕೆಳಗೆ ಬಗ್ಗಿ, ಮೊಣಕಾಲು ಹಿಡಿದು ಎದ್ದು, “ಒಂದೇ ನಿಮಿಷ, ಕೊಟ್ಟು ಹೋಗ್ತೀನಿ” ಎನ್ನುತ್ತ ಬರುತ್ತಿದ್ದರು. ಟೋಪಿ ಎಲ್ಲೋ ಬಿದ್ದುಹೋಗಿತ್ತು. ಕೈಯಲ್ಲಿ ಎರಡು ಬಾಟಲಿ. ಕೊನೆಯ ಸರಳಿನಡಿಯಿಂದ ತಲೆ ಎತ್ತುವಷ್ಟರಲ್ಲಿ ಮಗ ಅವರ ತೋಳು ಹಿಡಿದಿದ್ದ.

“ಯಜಮಾನ್ರೇ, ನಾವೆಲ್ಲ ಇಲ್ಲೇನು ನೊಣ ಹೊಡೀತಾ ನಿಂತಿದೀವಾ? ಚಿಕ್ಕ ಚಿಕ್ಕ ಮಕ್ಕಳು ಎರಡು ಗಂಟೆಯಿಂದ ಕಾಯ್ತಿದಾವೆ.”

ಕನ್ನಡಕದವರು ಅಂಚೆಯಮ್ಮನನ್ನು ಒಮ್ಮೆ ನೋಡಿದರು. ಕೆಮ್ಮು ನಿಂತಿರುವುದನ್ನು ಕಂಡು ಮುಖ ಬೇರೆ ಕಡೆ ತಿರುಗಿಸಿಕೊಂಡರು. “ತಪ್ಪಾಯ್ತಪ್ಪ,” ಎಂದರಷ್ಟೆ.

ಅಷ್ಟರಲ್ಲಿ ಕಾವಲಿನ ಹೆಂಗಸು ಬಂದಳು. ಸೊಂಟಕ್ಕೆ ದಾರದಲ್ಲಿ ಕತ್ತರಿ ಕಟ್ಟಿಕೊಂಡಿದ್ದಳು. ಬೆಳಗಿನಿಂದ ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು.

“ಯಾರ ಜೊತೆ ಬಂದಿದೀರಾ?”

“ಯಾರೂ ಇಲ್ಲಮ್ಮ. ಒಬ್ಬನೇ.”

“ಒಬ್ಬರೇನಾ? ಈ ಪಾರ್ಕಿಗಾ?” ಅವಳು ಅವರನ್ನು ತಲೆಯಿಂದ ಕಾಲಿನವರೆಗೆ ಅಳೆದಳು. “ಕೈ ಕೊಡಿ.”

ಕನ್ನಡಕದವರು ಬಾಟಲಿಗಳನ್ನು ಕಂಕುಳಿಗೆ ಸೇರಿಸಿ ಕೈ ಚಾಚಿದರು. ಸಾಸಿವೆ ಕಾಳಿನಷ್ಟು ಸ್ಕ್ರೂ ಹಿಡಿದರೂ ಅಲುಗದ ಕೈ ಅದು. ಕತ್ತರಿಯ ಬಾಯಿ ಕೈಪಟ್ಟಿಯ ಕೆಳಗೆ ಹೋಯಿತು. ತನ್ನ ಹೆಸರೆತ್ತದೆ ಈ ಮನುಷ್ಯ ಹೀಗೇ ತಲೆ ತಗ್ಗಿಸಿಕೊಂಡು ಹೊರಗೆ ಹೋಗುತ್ತಾನೆ, ಮುಂದಿನ ಸಲ ಅಂಗಡಿಗೆ ಹೋದರೆ ಬಿಸಿಲಿನ ವಿಷಯ ಮಾತಾಡುತ್ತಾನೆ, ಅಷ್ಟರಲ್ಲಿ ತಾನು ಪರದೆ ಹಾಕಿದ ಕೋಣೆಯಲ್ಲಿರುತ್ತೇನೆ ಎಂಬುದು ಅಂಚೆಯಮ್ಮನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

“ಕತ್ತರಿಸಬೇಡಮ್ಮ,” ಎಂದರು. “ಅವರು ನನ್ನ ಜೊತೆ ಬಂದೋರು.”

“ಅಮ್ಮ, ಪಾಪ ಅನ್ಸಿದ್ರೆ ಅನ್ಸ್ಲಿ. ಅದಕ್ಕೋಸ್ಕರ ಸುಳ್ಳು ಹೇಳಬೇಡ,” ಎಂದ ಮಗ.

“ಸುಳ್ಳಲ್ಲ ಕಣೋ. ನನಗೋಸ್ಕರಾನೇ ಬಂದಿರೋದು. ನಮ್ಮ ಕಚೇರಿ ಎದುರಿನ ಕನ್ನಡಕದ ಅಂಗಡಿ ಇವರದ್ದು. ನೀರು ತಂದಿದ್ದು ನನಗೆ.” ಇನ್ನು ನಿಲ್ಲಿಸಿದರೆ ಮತ್ತೆ ಗಂಟಲು ಕಟ್ಟುತ್ತದೆ ಎಂದು ಹೆದರಿ ಒಂದೇ ಉಸಿರಿಗೆ ಮುಗಿಸಿದರು. “ನಾವಿಬ್ರೂ ಮದುವೆ ಆಗ್ತಿದೀವಿ. ನಾನು ನಿನ್ನ ಮನೆಗೆ ಬರಲ್ಲ. ನಾಳೆ ನೀನು ಮಾಲೀಕರ ಹತ್ರ ಹೋಗಬೇಡ.”

ಇಷ್ಟು ಹೊತ್ತು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ಹಿಂದಿನ ದಪ್ಪ ಮೀಸೆಯವನು, “ಹಾಗಾದ್ರೆ ಸರಿ ಬಿಡಿ. ಮನೆಯೋರು ಅಂದ್ಮೇಲೆ ನಮ್ಮದೇನು?” ಎಂದ.

ಕಾವಲಿನವಳು ಕತ್ತರಿ ಕೈಬಿಟ್ಟಳು. “ಮೊದಲೇ ಹೇಳಬಾರದಾ ಸ್ವಾಮಿ? ಜೊತೇಲಿ ಬಂದೋರು ಜೊತೇಲೇ ನಿಲ್ಲಿ,” ಎಂದು ಹೊರಟುಹೋದಳು.

ಜೊತೆಯಲ್ಲೇ ನಿಂತರು. ಬೇರೆ ದಾರಿ ಇರಲಿಲ್ಲ. ಹಿಂದೆ ಮೀಸೆಯವನ ಹೊಟ್ಟೆ, ಮುಂದೆ ಯಾರದೋ ಬೆನ್ನಿನ ಚೀಲ, ಎರಡೂ ಕಡೆ ಸರಳು, ನಡುವೆ ಐದು ಜನ. ಮಗ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಊರಿನ ಕಟ್ಟಡಗಳಿಗೆಲ್ಲ ಹೊರದಾರಿ ತೋರಿಸಿಕೊಟ್ಟವನಿಗೆ ಇಲ್ಲಿ ಒಂದು ಸಂದಿಯೂ ಕಾಣಲಿಲ್ಲ.

“ಎಷ್ಟು ದಿನದಿಂದ?” ಎಂದು ಸರಳನ್ನೇ ನೋಡುತ್ತ ಕೇಳಿದ.

“ಎರಡು ವರ್ಷ.”

“ಅತ್ತೆ, ಅದಕ್ಕೇನಾ ನಿಮ್ಮ ಕನ್ನಡಕದ ಕಡ್ಡಿ ಅಷ್ಟು ಸಲ ಕೆಡ್ತಿದ್ದಿದ್ದು!” ಎಂದು ಸೊಸೆಯ ಬಾಯಿಂದ ಜಾರಿತು. ಗಂಡನ ಮುಖ ನೋಡಿ ತುಟಿ ಒಳಗೆಳೆದುಕೊಂಡಳು.

“ಹೇಳಕ್ಕೆ ಇದೇ ಜಾಗ ಸಿಕ್ತಾ ನಿನಗೆ? ಇಷ್ಟು ಜನರ ಮುಂದೆ?”

“ಬೇರೆ ಕಡೆ ಆಗಿದ್ರೆ ನೀನು ಎದ್ದು ಹೋಗ್ತಿದ್ದೆ.”

“ಈಗಲೂ ಹೋಗ್ತೀನಿ.”

“ಅಪ್ಪ, ಹೋದ್ರೆ ಮತ್ತೆ ಕೊನೇಗೆ ನಿಲ್ಲಬೇಕು,” ಎಂದು ಪಿಟೀಲು ಅವನ ಬೆರಳು ಹಿಡಿದು ಎಳೆಯಿತು. “ನೀನೇ ಓದಿದ್ದೆ.”

ಅವನು ಹೋಗಲಿಲ್ಲ. ಕನ್ನಡಕದವರು ಒಂದು ಬಾಟಲಿಯ ಮುಚ್ಚಳ ತಿರುಗಿಸಿ ಅಂಚೆಯಮ್ಮನಿಗೆ ಕೊಟ್ಟರು. ಎಲ್ಲರೂ ನೋಡುತ್ತಿರುವಾಗ ನೀರು ಕುಡಿಯುವುದು ಇಷ್ಟು ಕಷ್ಟ ಅಂತ ಅವರಿಗೆ ಗೊತ್ತಿರಲಿಲ್ಲ. ಗಂಟಲಿನಲ್ಲಿ ಗುಟುಕು ಇಳಿಯುವ ಸದ್ದು ಇಡೀ ಸಾಲಿಗೆ ಕೇಳಿಸುತ್ತಿದೆ ಅನ್ನಿಸಿತು. ಇನ್ನೊಂದು ಬಾಟಲಿಯನ್ನು ಪಿಟೀಲು ಕೇಳಿಯೇ ಇಸಿದುಕೊಂಡಿತು.

“ನೀವು ಕನ್ನಡಕ ಮಾಡ್ತೀರಾ?”

“ಹೂಂ ಪುಟ್ಟಾ.”

“ನಂಗೂ ಒಂದು ಮಾಡಿ.”

“ಅವಳ ಹತ್ರ ಮಾತು ಬೇಡ,” ಎಂದ ಮಗ. ಕನ್ನಡಕದವರು ತಲೆಯಾಡಿಸಿದರು. ಸಾಲು ಮೂರು ತಿರುವು ಮುಂದೆ ಸರಿಯಿತು. ತಿರುವಿಗೊಮ್ಮೆ ಎದುರಾಗುವ ಮುಖಗಳಿಗೆಲ್ಲ ಸುದ್ದಿ ಮುಟ್ಟಿತ್ತು. ಕೆಲವರು ನಗುತ್ತಿದ್ದರು, ಒಬ್ಬ ಅಜ್ಜಿ ಅಂಚೆಯಮ್ಮನನ್ನು ಕಣ್ಣು ಕೀಲಿಸಿ ನೋಡಿದಳು, ಮತ್ತೊಂದು ಸುತ್ತಿಗೆ ಬಂದಾಗಲೂ ಹಾಗೇ ನೋಡಿದಳು. ಹೇಳಿಬಿಟ್ಟರೆ ಹಗುರಾಗುತ್ತದೆ ಅಂತ ಎಂಟು ತಿಂಗಳಿಂದ ಅಂದುಕೊಂಡಿದ್ದರಲ್ಲ, ಹಾಗೇನೂ ಆಗಲಿಲ್ಲ. ಮಗನ ಕತ್ತಿನ ನರ ಉಬ್ಬಿದ್ದು ಕಾಣುತ್ತಿತ್ತು. ಚಿಕ್ಕವನಿದ್ದಾಗ ಅಳು ತಡೆಯುವಾಗಲೂ ಹಾಗೇ ಉಬ್ಬುತ್ತಿತ್ತು. ಮುಟ್ಟೋಣವೆಂದರೆ ಕೈ ಏಳಲಿಲ್ಲ.

ಕೊನೆಗೂ ಕಟ್ಟೆ ಬಂತು. ದೋಣಿ ಹತ್ತಿಸುವವನು ನೀರಿನಲ್ಲಿ ನೆನೆದ ಬೂಟು ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ತಲೆ ಎಣಿಸಿದ.

“ಐದು ಜನ. ಒಂದಕ್ಕೆ ನಾಲ್ಕೇ. ಯಜಮಾನ್ರಿಗೆ ಅರವತ್ತು ದಾಟಿದೆಯಾ? ದಾಟಿದ್ರೆ ಒಬ್ಬರನ್ನೇ ಕೂರ್ಸೋ ಹಾಗಿಲ್ಲ. ಇವರ ಜೊತೆ ಮುಂದಿನ ದೋಣೀಲಿ ಯಾರು ಬರ್ತೀರಾ?”

ಅಂಚೆಯಮ್ಮ ಒಂದು ಕಾಲು ಹಿಂದೆ ತೆಗೆದರು.

“ನೀನು ಹತ್ತಮ್ಮ,” ಎಂದ ಮಗ. “ನಾನು ಕೂರ್ತೀನಿ.”

“ಬೇಡ ಕಣೋ, ನಾನೇ...”

“ಹತ್ತು ಅಂದ್ನಲ್ಲ.”

ಇಬ್ಬರನ್ನೂ ಜೊತೆಗೆ ಕೂರಿಸಬಾರದು ಅಂತಲೋ, ವಿಚಾರಣೆ ಮಾಡಬೇಕು ಅಂತಲೋ, ಇಲ್ಲ ನಿಯಮ ಅಂದರೆ ನಿಯಮ ಅಂತಲೋ, ಆ ಮುಖದಲ್ಲಿ ಏನೂ ತಿಳಿಯಲಿಲ್ಲ. ಕನ್ನಡಕದವರು “ಹೋಗಿ, ಹೋಗಿ” ಎಂದು ಕಣ್ಣಲ್ಲೇ ಹೇಳಿದರು. ಸೊಸೆ ಕೈ ಹಿಡಿದು ಇಳಿಸಿದಳು. ಪಿಟೀಲು ನಡುವೆ ಬಂದು ಕೂತಿತು. ಕಬ್ಬಿಣದ ಸರಳು ಮೂವರ ತೊಡೆಯ ಮೇಲೆ ಕಟಕ್ ಎಂದು ಕೂತು, ದೋಣಿ ಅಲುಗಾಡಿ ಹೊರಟಿತು.

ಸೊಂಟ ತಿರುಗಿಸಲು ಆಗಲಿಲ್ಲ. ಅಂಚೆಯಮ್ಮ ಕತ್ತು ಮಾತ್ರ ಹೊರಳಿಸಿ ನೋಡಿದರು. ಹಿಂದಿನ ದೋಣಿಯ ಉದ್ದನೆಯ ಬೆಂಚಿನ ಆ ತುದಿಗೆ ಮಗ, ಈ ತುದಿಗೆ ಕನ್ನಡಕದವರು, ಒಬ್ಬರು ಆ ಕಡೆಯ ನೀರು ನೋಡುತ್ತ, ಇನ್ನೊಬ್ಬರು ಈ ಕಡೆಯ ನೀರು ನೋಡುತ್ತ ಕೂತಿದ್ದರು.

“ಇಬ್ಬರೂ ನಡುವಿಗೆ ಬನ್ನಿ ಸಾರ್, ಹೀಗೆ ಕೂತ್ರೆ ದೋಣಿ ವಾಲುತ್ತೆ,” ಎಂದು ದೋಣಿಯವನು ಕೂಗಿದ.

ಕನ್ನಡಕದವರು ಎರಡು ಗೇಣು ಸರಿದರು. ಮಗ ಕೂತಲ್ಲೇ ಇದ್ದ. ದೋಣಿಯವನು ಸರಳು ಇಳಿಸದೆ, ಸೊಂಟದ ಮೇಲೆ ಕೈಯಿಟ್ಟು ಕಾಯುತ್ತ ನಿಂತ. ಮಗ ಒಂದು ಗೇಣು ಸರಿದ. ದೋಣಿಯವನು ‘ಇನ್ನೂ’ ಅಂತ ಬೆರಳಾಡಿಸಿದ. ಮಗ ಇನ್ನೊಂದು ಗೇಣು ಸರಿದ.